ನೈರೋಬಿಗೆ ಮೂರೂವರೆ ಗಂಟೆ

ಮೊಟ್ಟೆ ನೋಡಿ ಗಂಟೆ ಹೇಳುವವನೆಂದು ಮುತ್ತಯ್ಯನಿಗೆ ಹೆಸರಿತ್ತು. ಕೋಳಿ ಮೊಟ್ಟೆಯಲ್ಲ, ರೇಷ್ಮೆ ಹುಳದ ಮೊಟ್ಟೆ. ಕೊಳ್ಳೇಗಾಲದ ಬಿತ್ತನೆ ಕೋಠಿಯಲ್ಲಿ ಚಿಟ್ಟೆಗಳು ಕಾಗದದ ಹಾಳೆಯ ಮೇಲೆ ಮೊಟ್ಟೆಯಿಟ್ಟರೆ, ಆ ಹಾಳೆಯನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಶುಕ್ರವಾರ ಬೆಳಿಗ್ಗೆ ಆರಕ್ಕೆ ಒಡೀತವೆ, ಸೊಪ್ಪು ಕುಯ್ದು ಮಡಿಕ್ಕಳಿ" ಎನ್ನುತ್ತಿದ್ದ. ಹನೂರು, ಅಜ್ಜೀಪುರ, ಯಳಂದೂರಿನ ಕಡೆಯಿಂದ ಮೊಟ್ಟೆ ಒಯ್ಯಲು ಬರುವ ರೈತರು ಇನ್ಸ್‌ಪೆಕ್ಟರ ಮಾತಿಗಿಂತ ಇವನ ಮಾತನ್ನೇ ನೆಚ್ಚುತ್ತಿದ್ದರು. ಅರ್ಧ ಗಂಟೆ ಆಚೀಚೆ ಆಗಿದ್ದುಂಟು, ಅದಕ್ಕಿಂತ ಹೆಚ್ಚು ತಪ್ಪಿದ್ದನ್ನು ಕಂಡವರಿಲ್ಲ. ಇಂಥವನು ಜೀವಮಾನದಲ್ಲಿ ಒಂದೇ ಒಂದು ಸಲ ಗಂಟೆಯ ಲೆಕ್ಕ ತಪ್ಪಿದ. ಅದೂ ಸಮುದ್ರದ ಮೇಲೆ, ಮೂವತ್ತು ಸಾವಿರ ಅಡಿ ಎತ್ತರದಲ್ಲಿ.

ಐವತ್ತಾರನೆಯ ಇಸವಿಯಲ್ಲಿ, ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ, ಅವನು ಕೋಠಿಗೆ ಕೂಲಿಯಾಗಿ ಸೇರಿದ. ಊರು ಸತ್ತೇಗಾಲ. ಓದಿದ್ದು ಐದನೆಯ ಕ್ಲಾಸು. ಹಳೆಯ ಸೀಮೆಯ ದೆಸೆಯಿಂದ ಒಂದಿಷ್ಟು ತಮಿಳೂ ಬರುತ್ತಿತ್ತು. ಕೆಲಸದಲ್ಲಿ ಚುರುಕು, ಮಿಕ್ಕ ಎಲ್ಲದರಲ್ಲೂ ಪುಕ್ಕಲ. ಅದರಲ್ಲೂ ನೀರೆಂದರೆ ಮುಗಿದೇ ಹೋಯಿತು. ಅವನಿಗೆ ಏಳು ವರ್ಷವಾಗಿದ್ದಾಗ ಅಣ್ಣ ಪುಟ್ಟಸಿದ್ದಯ್ಯ ಹರಿಗೋಲು ಮಗುಚಿ ಕಾವೇರಿಯ ಪಾಲಾಗಿದ್ದ. ಅಂದಿನಿಂದ ಮುತ್ತಯ್ಯ ಮೊಣಕಾಲಿಗಿಂತ ಮೇಲೆ ಹೊಳೆಯ ನೀರು ಮುಟ್ಟಿಸಿಕೊಂಡವನಲ್ಲ. ಬಸ್ಸು ಸೇತುವೆ ಹತ್ತಿತೆಂದರೆ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆಯುತ್ತಿದ್ದ. ನೆನೆದು ಮುಗಿಯುವುದರೊಳಗೆ ಸೇತುವೆಯೇ ಮುಗಿದಿರುತ್ತಿತ್ತು, ಪಾಪ.

ಹುಳ ಸಾಕುವುದನ್ನು ಅವನಿಗೆ ಕಲಿಸಿದ್ದು ಇಲಾಖೆಯಲ್ಲ, ತಾಯಿ ರಂಗಮ್ಮ. ಆಕೆಯ ಮನೆಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಮೊಟ್ಟೆಯ ಮುಂದೆ, ಹುಳದ ಮುಂದೆ ಕೆಟ್ಟ ಮಾತು ಆಡಕೂಡದು. ಸತ್ತರು, ಮುಳುಗಿದರು, ದಾರಿ ತಪ್ಪಿದರು ಎಂಬ ಮಾತುಗಳನ್ನು ಆ ಕೋಣೆಯಲ್ಲಿ ಎತ್ತುವಂತಿಲ್ಲ. ಸಾವಿನ ಸುದ್ದಿ ಬಂದರೂ ಹಿತ್ತಿಲಿಗೆ ಕರೆದುಕೊಂಡು ಹೋಗಿಯೇ ಹೇಳಬೇಕು. ಅವು ಕೇಳಿಸಿಕೊಂಡರೆ ಅದು ನಿಜವಾಗುತ್ತದೆ ಎಂದು ಆಕೆಯ ನಂಬಿಕೆ. ಇನ್ನೊಂದು, ಮೊಟ್ಟೆಗೆ ರೋಗ ತಗುಲಿ ಸುಡಬೇಕಾಗಿ ಬಂದರೆ, ಹಾಳೆಯನ್ನು ಮೊದಲು ಅಂಗಳಕ್ಕೆ ತಂದು ಒಮ್ಮೆ ಬೆಳಕು ತೋರಿಸಬೇಕು. "ನಮ್ಮನೆಗೆ ಬಂದ ಜೀವ ಕತ್ಲಲ್ಲೇ ಓಗ್ಬಾರ್ದು ಕಣ್ ಮಗ" ಎನ್ನುತ್ತಿದ್ದಳು. ಕೋಠಿಯಲ್ಲಿ ಮುತ್ತಯ್ಯನ ಕೆಲಸವೇನೋ ಮೊಟ್ಟೆಯಿಟ್ಟ ತಾಯಿ ಚಿಟ್ಟೆಗಳನ್ನು ರೋಗದ ಪರೀಕ್ಷೆಗೆಂದು ದಿನವೂ ನೂರಾರು ಅರೆಯುವುದು. ಆದರೂ ತಾಯಿಯ ಈ ಎರಡನ್ನು ಅವನು ಬಿಟ್ಟಿರಲಿಲ್ಲ. ಅದನ್ನು ನೋಡಿ ನಗುವವರಿದ್ದರು. ನಕ್ಕವರ ಹುಳ ಇವನ ಹುಳಕ್ಕಿಂತ ಚೆನ್ನಾಗಿ ಬಂದದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಎಪ್ಪತ್ತಮೂರರ ಜನವರಿಯಲ್ಲಿ ಇನ್ಸ್‌ಪೆಕ್ಟರ್ ಶಿವಮಲ್ಲಪ್ಪನವರು ಅವನನ್ನು ಕರೆದು ಕೂರಿಸಿದರು. ಕೂರಿಸಿದ್ದೇ ಮುತ್ತಯ್ಯನಿಗೆ ದಿಗಿಲು. ಹದಿನೇಳು ವರ್ಷದಲ್ಲಿ ಆ ಕುರ್ಚಿಯನ್ನು ಅವನು ಒರೆಸಿದ್ದನೇ ಹೊರತು ಕೂತಿರಲಿಲ್ಲ. ಆಫ್ರಿಕಾದಲ್ಲಿ ನೈರೋಬಿಯ ಹತ್ತಿರ ಒಂದು ತೋಟದವರು ಹಿಪ್ಪುನೇರಳೆ ಬೆಳೆಸಿದ್ದಾರೆ, ನಮ್ಮ ಮೈಸೂರು ತಳಿಯ ಮೊಟ್ಟೆ ಕೇಳಿದ್ದಾರೆ, ಜೊತೆಗೆ ಸಾಕಿ ತೋರಿಸಲು ಒಬ್ಬರನ್ನು ಕಳಿಸಿಕೊಡಿ ಎಂದಿದ್ದಾರೆ ಎಂದು ಹೇಳಿದರು.

"ರೋಗವಿಲ್ಲದ ಮೊಟ್ಟೆ ಸಿಕ್ಕಿರೋದು ಈ ಒಂದು ತಂಡದ್ದು ಮಾತ್ರ. ಆಗಲೇ ನಾಲ್ಕು ದಿನ ಆಗಿದೆ. ಹತ್ತನೇ ದಿನ ಒಡೆಯುತ್ತೆ, ವಿಮಾನ ಇರೋದು ಒಂಬತ್ತನೇ ದಿನ. ಅಲ್ಲಿ ಇಳಿಯೋವಾಗ ಮೊಟ್ಟೆಯಾಗೇ ಇರಬೇಕು ಮುತ್ತಯ್ಯ. ಪರ್ಮಿಟ್ಟು ಇರೋದು ಮೊಟ್ಟೆಗೆ. ಒಂದೇ ಒಂದು ಹುಳ ಹರಿದಾಡಿದರೂ ಒಳಗೆ ಬಿಡಲ್ಲ, ಅಲ್ಲೇ ಸುಟ್ಟುಹಾಕ್ತಾರೆ. ಅದಕ್ಕೇ ನೀನೇ ಹೋಗಬೇಕು."

"ವಿಮಾನದಲ್ಲಾ ಸಾ?"

"ಮತ್ತೇನು, ಹರಿಗೋಲಲ್ಲಿ ಹೋಗ್ತೀಯಾ?" ಎಂದು ಶಿವಮಲ್ಲಪ್ಪನವರು ನಕ್ಕರು. ಅವರಿಗೆ ಪುಟ್ಟಸಿದ್ದಯ್ಯನ ಸಂಗತಿ ಗೊತ್ತಿರಲಿಲ್ಲ. ಕೆಲಸ ನೆಟ್ಟಗೆ ಮುಗಿಸಿ ಬಂದರೆ ಡೆಮಾನ್‌ಸ್ಟ್ರೇಟರ್ ಹುದ್ದೆಗೆ ಶಿಫಾರಸು ಮಾಡುತ್ತೇನೆ ಎಂದೂ ಹೇಳಿದರು. ಮುತ್ತಯ್ಯ ಹೂಂ ಎಂದ. ಇಲ್ಲ ಎನ್ನುವುದಕ್ಕೂ ಧೈರ್ಯ ಬೇಕಲ್ಲ.

ಆ ಸಂಜೆ ಮೊಟ್ಟೆಯ ಪೆಟ್ಟಿಗೆಯನ್ನು ಮನೆಗೇ ತಂದ. ಎದುರು ಮನೆಯ ಹನುಮಯ್ಯ ಮೇಷ್ಟ್ರು ಭೂಪಟ ಹರಡಿಕೊಂಡು ಬಂದು ಕೂತರು. ಬೊಂಬಾಯಿಯ ಮೇಲೆ ಒಂದು ಬೆರಳು, ನೈರೋಬಿಯ ಮೇಲೆ ಒಂದು ಬೆರಳಿಟ್ಟು, ನಡುವೆ ರೇಷ್ಮೆಯ ಎಳೆಯೊಂದನ್ನು ಬಿಗಿಯಾಗಿ ಹಿಡಿದು, ಆ ಎಳೆಯನ್ನು ಪಟದ ಮೂಲೆಯ ಮೈಲಿ ಗೀಟಿಗೆ ಹಚ್ಚಿ ಅಳೆದರು. ಎರಡು ಸಾವಿರದ ಎಂಟುನೂರು ಮೈಲಿ ಎಂದರು. ಎಳೆ ಹಾದುಹೋದಲ್ಲೆಲ್ಲ ನೀಲಿ ಬಣ್ಣವೇ ಇತ್ತು.

"ನಡೂಕೆ ಊರ್ಗಳು ಇಲ್ವಾ ಮೇಷ್ಟ್ರೇ?" ಎಂದು ಮುತ್ತಯ್ಯನ ಹೆಂಡತಿ ಚಿಕ್ಕಬಸಮ್ಮ ಕೇಳಿದಳು.

"ಊರೆಲ್ಲಿ ಬಂತಮ್ಮ, ಬರೀ ಸಮುದ್ರ."

ಅವಳು ಗಂಡನ ಮುಂಗೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಒಗೆಯುವ ಕಲ್ಲಿನ ಹತ್ತಿರ ನಿಂತ ಮೇಲೆಯೇ ಬಾಯಿ ಬಿಟ್ಟಿದ್ದು.

"ಓಗ್ಬ್ಯಾಡಿ. ಆಗಕ್ಕಿಲ್ಲ ಅಂತ ಏಳ್ಬುಡಿ. ಕೆಲ್ಸ ಕಿತ್ಕಂಡ್ರೂ ಕಿತ್ಕಳ್ಲಿ."

"ಅದಿನೇಳು ವರ್ಸದಿಂದ ನಂಬವ್ರೆ ಕಣಮ್ಮಿ. ಇವುಗಳ ಗಂಟೆ ನಂಗಲ್ದೆ ಇನ್ಯಾರ್ಗೂ ಗೊತ್ತಾಗಕ್ಕಿಲ್ಲ."

"ಆ ನೀರ್ ಮ್ಯಾಲೆ ಏನಾರ ಆದ್ರೆ?"

"ಏನೂ ಆಗಕ್ಕಿಲ್ಲ" ಎಂದ ಮುತ್ತಯ್ಯ. ಹೇಳುವಾಗ ಅವನ ತುಟಿ ಒಣಗಿ ಅಂಟಿಕೊಂಡಿತ್ತು. ಅವಳಿಗೆ ಅದು ಕಾಣಿಸಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು. ಅವಳ ತಮ್ಮ ಮಾದಣ್ಣ ತನ್ನ ಕೈಗಡಿಯಾರ ಬಿಚ್ಚಿ ಭಾವನ ಕೈಗೆ ಕಟ್ಟಿದ.

ಮೊಟ್ಟೆಯ ಹಾಳೆ ಒಟ್ಟು ಐವತ್ತು. ಇಪ್ಪತ್ತೈದರ ಎರಡು ಕಟ್ಟು ಮಾಡಿ, ಬೇರೆಬೇರೆಯಾಗಿ ಕಪ್ಪು ಬಟ್ಟೆಯಲ್ಲಿ ಸುತ್ತಿ, ಜಾಲರಿಯ ಮರದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದ. ಕಪ್ಪು ಬಟ್ಟೆ ಸುಮ್ಮನೆ ಅಲ್ಲ. ಮೊಟ್ಟೆಯೊಡೆಯುವ ಕಾಲ ಹತ್ತಿರವಾದಾಗ ಒಳಗಿನ ಮರಿ ಬೆಳಕಿಗೆ ಕಾಯುತ್ತಿರುತ್ತದೆ. ಬೆಳಕು ಬಿದ್ದರೆ ಹೊರಡುತ್ತದೆ, ಕತ್ತಲಿದ್ದರೆ ತಡೆಯುತ್ತದೆ. ಹತ್ತನೆಯ ದಿನದ ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಎಲ್ಲವೂ ಒಟ್ಟಿಗೆ ಒಡೆದು ಸೊಪ್ಪಿಗೆ ಬೀಳುತ್ತವೆ. ಬೊಂಬಾಯಿಗೆ ಹೋಗುವ ರೈಲಿನಲ್ಲಿ ಆ ಪೆಟ್ಟಿಗೆಯನ್ನು ಅವನು ತೊಡೆಯಿಂದ ಇಳಿಸಲಿಲ್ಲ. ಸೆಕೆಗೆ ಹೆದರಿದ, ಇರುವೆಗೆ ಹೆದರಿದ, ಎದುರು ಸೀಟಿನವರ ಬೀಡಿ ಹೊಗೆಗೆ ಹೆದರಿದ. ಒಂಬತ್ತನೆಯ ದಿನ ಬೆಳಿಗ್ಗೆ ಬೊಂಬಾಯಿಯ ಛತ್ರದಲ್ಲಿ ಮುಸುಕು ಹಾಕಿಕೊಂಡು ಒಂದು ಹಾಳೆಯ ತುದಿ ನೋಡಿದ. ಮೊಟ್ಟೆಗಳು ನೀಲಿಗೆ ತಿರುಗಿದ್ದವು. ನಾಳೆ ಬೆಳಿಗ್ಗೆ ಆರು ಎಂದು ಲೆಕ್ಕ ಹಾಕಿದ.

ವಿಮಾನ ನಿಲ್ದಾಣದಲ್ಲಿ ತೋಟದವರ ಕಡೆಯ ಒಬ್ಬರು ಟಿಕೀಟು ಕೈಗೆ ಕೊಟ್ಟು, ಹೊರಡುವುದು ಹತ್ತೂವರೆ, ನೈರೋಬಿಯಲ್ಲಿ ಇಳಿಯುವುದು ಮಧ್ಯಾಹ್ನ ಎರಡು ಎಂದು ಬೆರಳಿಟ್ಟು ತೋರಿಸಿ ಹೋದರು. ಮುತ್ತಯ್ಯ ಬೆರಳು ಮಡಿಸಿ ಎಣಿಸಿದ. ಮೂರೂವರೆ ಗಂಟೆ. ಇನ್ನೊಂದು ಸಲ ಎಣಿಸಿದ, ಮೂರೂವರೆಯೇ. ಕೊಳ್ಳೇಗಾಲದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂತಿದ್ದ. ಎದೆಯ ಭಾರ ಅರ್ಧ ಇಳಿಯಿತು. ಮೂರೂವರೆ ಗಂಟೆಗೆ ಸಾಲುವಷ್ಟು ಧೈರ್ಯವನ್ನು ಹೇಗೋ ಕೂಡಿಹಾಕಿಕೊಂಡು ಏಣಿ ಹತ್ತಿದ.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆಚೆ ಕೂತವರು ಸೇಲಂ ಕಡೆಯ ಕನ್ನಡಕದ ಯಜಮಾನರು. ಇಪ್ಪತ್ತು ವರ್ಷದಿಂದ ನೈರೋಬಿಯ ರೈಲ್ವೆಯಲ್ಲಿ ಗುಮಾಸ್ತರಂತೆ. ಇವನಿಗೆ ತಮಿಳು ಬರುವುದೆಂದು ತಿಳಿದು ಅವರಿಗೆ ಖುಷಿಯಾಯಿತು. ಬೆಲ್ಟು ಹಾಕಿಕೊಟ್ಟರು, ಪೆಪ್ಪರಮಿಂಟು ಕೊಟ್ಟರು, ಪೆಟ್ಟಿಗೆಯಲ್ಲಿ ಏನೆಂದು ಕೇಳಿದರು. "ರೇಷ್ಮೆ ಬಿತ್ತನೆ" ಎಂದಷ್ಟೇ ಹೇಳಿ ಮುತ್ತಯ್ಯ ಪೆಟ್ಟಿಗೆಯನ್ನು ತಬ್ಬಿಕೊಂಡ. ವಿಮಾನ ಓಡಿ ಓಡಿ ನೆಲ ಬಿಟ್ಟಿತು. ಮುತ್ತಯ್ಯ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಕೆಳಗೆ ನೀರಿತ್ತು.

ಅಷ್ಟು ನೀರನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ದಡವಿಲ್ಲ, ಮರವಿಲ್ಲ, ನೋಟ ಊರಲು ಒಂದು ಬಂಡೆಯಿಲ್ಲ. ಊಟ ತಂದಿಟ್ಟರು, ಮುಟ್ಟಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುವುದು, ಇನ್ನೆಷ್ಟು ಎಂದು ಕಳೆಯುವುದು, ಇದೇ ಅವನ ಊಟವಾಯಿತು. ಹನ್ನೆರಡು. ಒಂದು. ಒಂದೂವರೆಯಿಂದ ಹಣೆಯನ್ನು ಗಾಜಿಗೆ ಒತ್ತಿ ನೆಲಕ್ಕಾಗಿ ಹುಡುಕಿದ. ಎರಡಾಯಿತು. ಕೆಳಗೆ ಬೆಳಿಗ್ಗೆ ಇದ್ದ ನೀರೇ ಇತ್ತು.

ಎರಡೂಕಾಲು. ಬಸ್ಸೂ ಕಾಲು ಗಂಟೆ ತಡವಾಗುವುದುಂಟು ಎಂದು ಮನಸ್ಸಿಗೆ ಹೇಳಿದ. ಎರಡೂವರೆಗೆ ಆ ಮಾತು ನಡೆಯಲಿಲ್ಲ. ಬಸ್ಸು ತಡವಾದರೆ ದಾರಿಯ ಮೇಲಾದರೂ ಇರುತ್ತದೆ. ಇಲ್ಲಿ ದಾರಿಯೆಲ್ಲಿದೆ? ಸುತ್ತ ನೋಡಿದರೆ ಅರ್ಧ ಜನ ನಿದ್ದೆ ಹೋಗಿದ್ದಾರೆ. ಸೇವಕಿಯೊಬ್ಬಳು ಒಂದೊಂದೇ ಕಿಟಕಿಯ ಪರದೆ ಇಳಿಸುತ್ತ ಬಂದಳು. ಜನ ನೋಡಬಾರದೆಂದೇ ಇಳಿಸುತ್ತಿದ್ದಾಳೆ ಎಂದು ಮುತ್ತಯ್ಯನಿಗೆ ಖಾತ್ರಿಯಾಯಿತು. ಅಷ್ಟರಲ್ಲಿ ವಿಮಾನ ಎತ್ತಿನ ಗಾಡಿಯಂತೆ ಕುಲುಕಿತು. ಗಂಟೆ ಬಾರಿಸಿತು, ದೀಪ ಹತ್ತಿತು, ಮಲಗಿದ್ದವರೆಲ್ಲ ಎದ್ದು ಬೆಲ್ಟು ಬಿಗಿದುಕೊಂಡರು. ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ.

ಪಕ್ಕದಲ್ಲೇ ತಮಿಳು ಬಲ್ಲವರಿದ್ದರು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲು ಮೂರು ಸಲ ಅವರ ಕಡೆ ತಿರುಗಿದ. ಆದರೆ ಬಾಯಿಗೆ ಬಂದ ಮಾತುಗಳೆಲ್ಲ ಕೆಟ್ಟ ಮಾತುಗಳೇ. ವಿಮಾನ ದಾರಿ ತಪ್ಪಿದೆಯೇ, ನಾವು ಬೀಳುತ್ತೇವೆಯೇ, ಮುಳುಗುತ್ತೇವೆಯೇ. ತೊಡೆಯ ಮೇಲೆ ನೀಲಿಗಟ್ಟಿದ ಮೊಟ್ಟೆಗಳಿದ್ದವು, ಕಿವಿ ಮೂಡಿದ ಜೀವಗಳು. ಅವುಗಳ ಮುಂದೆ ಇದನ್ನು ಹೇಗೆ ಆಡುವುದು? ಮನೆಯಾಗಿದ್ದರೆ ಹಿತ್ತಿಲಿಗೆ ಕರೆದೊಯ್ದು ಕೇಳುತ್ತಿದ್ದ. ವಿಮಾನಕ್ಕೆ ಹಿತ್ತಿಲಿಲ್ಲ. ಪೆಟ್ಟಿಗೆಯನ್ನು ಸೀಟಿನಲ್ಲಿ ಬಿಟ್ಟು ದೂರ ಹೋಗೋಣವೆಂದರೆ, ಬೆಲ್ಟು ಬಿಚ್ಚುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ.

"ಮೈಗೆ ಹುಷಾರಿಲ್ಲವೇನಪ್ಪ?" ಎಂದು ಯಜಮಾನರೇ ಕೇಳಿದರು.

"ಏನಿಲ್ಲ" ಎಂದ ಮುತ್ತಯ್ಯ, ತಲೆ ಅಲ್ಲಾಡಿಸಿ.

ಮೂರು ಗಂಟೆ. ಒಂದು ಗಂಟೆ ಹೆಚ್ಚಾಗಿ ಹೋಗಿತ್ತು. ಇನ್ನು ಎಣ್ಣೆ ಮುಗಿಯುವುದೊಂದು ಬಾಕಿ ಎಂದುಕೊಂಡ. ಪುಟ್ಟಸಿದ್ದಯ್ಯ ನೀರಿಗೆ ಬೀಳುವಾಗ ಮೇಲಕ್ಕೆತ್ತಿದ್ದ ಕೈ ನೆನಪಾಯಿತು. ದಡದಲ್ಲಿ ನಿಂತು ಅದನ್ನು ನೋಡಿದ್ದವನು ಇವನೇ. ಚಿಕ್ಕಬಸಮ್ಮ ಈಗ ಬಾವಿಕಟ್ಟೆಯ ಹತ್ತಿರ ಇರುತ್ತಾಳೆ, ಸಂಜೆಯ ನೀರು ಸೇದುತ್ತಿರುತ್ತಾಳೆ ಎಂದು ನೆನೆದ. ಹದಿನೇಳು ವರ್ಷ ಅರೆದ ಚಿಟ್ಟೆಗಳೂ ನೆನಪಾದವು. ಅವುಗಳ ಋಣ ಹೀಗೆ ತೀರುತ್ತಿದೆಯೋ ಏನೋ. ಅಷ್ಟರಲ್ಲಿ ಪೆಟ್ಟಿಗೆ ತೊಡೆಗೆ ಒತ್ತಿತು. ಇವು ಕತ್ತಲಲ್ಲೇ ಹೋಗುತ್ತವೆ ಎಂಬುದು ಆಗ ಹೊಳೆಯಿತು.

ಮೇಲಿನ ಕಟ್ಟನ್ನು ಹೊರತೆಗೆದು ಕಪ್ಪು ಬಟ್ಟೆ ಬಿಚ್ಚಿದ. ಸೇವಕಿ ಇಳಿಸಿದ್ದ ಪರದೆಯನ್ನು ತಾನೇ ಮೇಲೆತ್ತಿದ. ಮೋಡದ ಮೇಲಿನ ಬಿಸಿಲು ಸುಣ್ಣದಷ್ಟು ಬೆಳ್ಳಗೆ ಒಳಗೆ ಬಂತು. ಹಾಳೆಗಳನ್ನು ಒಂದೊಂದಾಗಿ ಗಾಜಿಗೆ ಹಿಡಿದ. ತಾಯಿ ಅಂಗಳದಲ್ಲಿ ಮಾಡುತ್ತಿದ್ದಂತೆ, ಒಂದೊಂದಕ್ಕೂ ಹಣೆ ಮುಟ್ಟಿಸಿ, ನೋಡಿಕೊಳ್ಳಿ ಎಂದು ಮನಸ್ಸಿನಲ್ಲೇ ಹೇಳಿದ. ಇಪ್ಪತ್ತೈದಕ್ಕೂ ತೋರಿಸಿದ. ಮತ್ತೆ ಕಟ್ಟಲು ಮನಸ್ಸು ಬರಲಿಲ್ಲ. ತೊಡೆಯ ಮೇಲೆ ಹರಡಿಕೊಂಡು, ಅವುಗಳ ಜೊತೆ ತಾನೂ ಬೆಳಕು ನೋಡುತ್ತ, ಬೀಳುವುದಕ್ಕೆ ಕಾದು ಕೂತ. ಕೆಳಗಿನ ಕಟ್ಟು ಪೆಟ್ಟಿಗೆಯಲ್ಲೇ ಉಳಿಯಿತು. ಅದನ್ನೂ ಬಿಚ್ಚಬೇಕೆಂದು ಹೊಳೆಯುವಷ್ಟರಲ್ಲಿ ಕಿವಿ ಮುಚ್ಚಿಕೊಂಡು ನೋಯತೊಡಗಿತು, ವಿಮಾನ ಇಳಿಜಾರಿಗೆ ಬಿದ್ದಿತು. ಬಂತು ಎಂದುಕೊಂಡು ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದ. ಈ ಸಲ ನೆನೆಯುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

ಕಣ್ಣು ಬಿಟ್ಟಾಗ ಕೆಳಗೆ ಕೆಂಪು ಮಣ್ಣು ಕಂಡಿತು. ಹನೂರಿನ ಕಡೆಯ ಹೊಲಗಳ ಮಣ್ಣಿನ ಹಾಗೇ ಇತ್ತು. ಚಕ್ರ ನೆಲ ಮುಟ್ಟಿ ಕಿರುಗುಟ್ಟಿತು. ಅವನ ಕೈಗಡಿಯಾರದಲ್ಲಿ ನಾಲ್ಕೂವರೆಯಾಗಿತ್ತು. ಬದುಕಿದ್ದೇನೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಯಜಮಾನರು ತಮ್ಮ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತ, "ಎರಡು ಗಂಟೆ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಾನೆ" ಎಂದರು.

"ನಾಲ್ಕೂವರೆ ಅಲ್ಲವೇ?" ಎಂದ ಮುತ್ತಯ್ಯ.

"ಅದು ನಮ್ಮೂರಿನಲ್ಲಿ. ಇಲ್ಲಿ ಸೂರ್ಯ ಎರಡೂವರೆ ಗಂಟೆ ತಡವಾಗಿ ಬರುತ್ತಾನಪ್ಪ. ಟಿಕೀಟಿನಲ್ಲಿ ಹೊರಡುವುದು ಅಲ್ಲಿನ ಗಂಟೆ, ಇಳಿಯುವುದು ಇಲ್ಲಿನ ಗಂಟೆ. ಯಾವಾಗ ಬಂದರೂ ದಾರಿ ಆರು ಗಂಟೆಯದೇ." ಊರಿಗೆ ಹಿಂದಿರುಗುವಾಗ ಟಿಕೀಟು ನೋಡಿದರೆ ಎಂಟೂವರೆ ಗಂಟೆ ಎಂದಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡ ಎಂದೂ ಸೇರಿಸಿದರು. ಅವರು ನಗುನಗುತ್ತ ಹೇಳಿದರು. ಮುತ್ತಯ್ಯನಿಗೆ ಅರ್ಥವಾಗಿದ್ದು ಒಂದೇ. ವಿಮಾನ ದಾರಿ ತಪ್ಪಿರಲಿಲ್ಲ, ಮತ್ತು ತೊಡೆಯ ಮೇಲೆ ಇಪ್ಪತ್ತೈದು ಹಾಳೆಗಳು ಒಂದೂವರೆ ಗಂಟೆ ಬಿಸಿಲು ಕುಡಿದಿದ್ದವು.

ಗಡಿಬಿಡಿಯಿಂದ ಬಟ್ಟೆ ಸುತ್ತಿದ. ಹಾಳೆಗಳ ಕಡೆ ನೋಡಲಿಲ್ಲ. ಗಂಟೆ ಹೇಳುವವನಿಗೆ ನೋಡುವ ಧೈರ್ಯವಿರಲಿಲ್ಲ.

ತಪಾಸಣೆಯ ಮೇಜಿನ ಹಿಂದೆ ಬಿಳಿ ಕೋಟಿನ ಅಧಿಕಾರಿಯೊಬ್ಬರು ಪರ್ಮಿಟ್ಟು ಓದಿ, ಕೆಳಗಿನ ಕಟ್ಟು ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ ತಲೆದೂಗಿದರು. ಮೇಲಿನ ಕಟ್ಟು ಬಿಚ್ಚಿದರು. ಅವರಿಗೆ ಭೂತಗನ್ನಡಿ ಬೇಕಾಗಲಿಲ್ಲ. ಎಳ್ಳಿಗಿಂತ ಸಣ್ಣ, ಕಪ್ಪು ಕೂದಲಿನ ಚೂರಿನಂಥ ಮರಿಗಳು ಹಾಳೆಯ ಅಂಚಿಗೆ ಬಂದು, ತಲೆ ಎತ್ತಿ, ಆಚೀಚೆ ಆಡಿಸುತ್ತಿದ್ದವು. ಸೊಪ್ಪು ಹುಡುಕುತ್ತಿದ್ದವು. ಎಲ್ಲ ಒಡೆದಿರಲಿಲ್ಲ, ಹಾಳೆಗೆ ಹತ್ತೋ ಇಪ್ಪತ್ತೋ ಅಷ್ಟೇ. ಆದರೆ ಕಾನೂನಿಗೆ ಒಂದು ಸಾಕು. ಯಜಮಾನರು ಜೊತೆಗೆ ನಿಂತು ತಮಿಳಿನಲ್ಲಿ ತಿಳಿಸಿದರು. ಒಂದು ಕಟ್ಟು ಒಳಗೆ ಹೋಗಬಹುದು, ಇನ್ನೊಂದನ್ನು ಸುಡಬೇಕು.

"ನಾನೇ ಸುಡ್ತೀನಿ ಅಂತ ಅವರಿಗೆ ಹೇಳಿ" ಎಂದ ಮುತ್ತಯ್ಯ.

ಕಟ್ಟಡದ ಹಿಂದೆ ಒಂದು ಕಬ್ಬಿಣದ ಡ್ರಮ್ಮಿತ್ತು. ಅದೂ ಒಂದು ಹಿತ್ತಿಲೇ. ಹಾಳೆಗಳನ್ನು ಒಂದೊಂದಾಗಿ ಹಾಕಿದ. ಬೆಳಕು ತೋರಿಸುವ ಕೆಲಸ ಉಳಿದಿರಲಿಲ್ಲ, ಆಗಲೇ ತೋರಿಸಿಯಾಗಿತ್ತು. ಅಂಗೈಗೆ ಹತ್ತಿದ್ದ ನಾಲ್ಕೈದು ಮರಿಗಳನ್ನು ನೋಡುತ್ತ ನಿಂತ. ಅಧಿಕಾರಿ ಕಾಯುತ್ತಿದ್ದರು. ಕೊನೆಗೆ ಅಂಗೈಯನ್ನೂ ಡ್ರಮ್ಮಿನ ಮೇಲೆ ಝಾಡಿಸಿದ. ಆಮೇಲೆ ಗೋಡೆಗೆ ಒರಗಿ ಕೂತು ಅತ್ತ. ಬದುಕಿದ್ದಕ್ಕೂ ಅತ್ತ.

ಮಾರನೆಯ ಬೆಳಿಗ್ಗೆ ತೋಟದ ಮನೆಯಲ್ಲಿ ಉಳಿದ ಕಟ್ಟನ್ನು ಬಿಚ್ಚಿದಾಗ ಇಪ್ಪತ್ತೈದು ಹಾಳೆಯೂ ಒಟ್ಟಿಗೆ ಒಡೆದವು. ಒಂದು ತಿಂಗಳಿಗೆ ಒಳ್ಳೆಯ ಗೂಡಾಯಿತು. ತೋಟದವರು ಹೊಗಳಿ ಕಾಗದ ಬರೆದರು. ಹಿಂದಿರುಗುವ ಟಿಕೀಟಿನಲ್ಲಿ ಎಂಟೂವರೆ ಗಂಟೆ ಎಂದೇ ಇತ್ತು. ಮುತ್ತಯ್ಯ ನಡುಗುತ್ತಲೇ ಆರು ಗಂಟೆ ಎಣಿಸಿದ, ಆರಕ್ಕೆ ಬೊಂಬಾಯಿಯ ನೆಲ ಬಂತು.

ಕೋಠಿಗೆ ಬಂದ ಮೇಲೆ ವರದಿಯ ನಮೂನೆ ತುಂಬಬೇಕಿತ್ತು. ಒಯ್ದ ಹಾಳೆ ಐವತ್ತು, ನಷ್ಟವಾದದ್ದು ಇಪ್ಪತ್ತೈದು. ಪಕ್ಕದಲ್ಲಿ 'ಕಾರಣ' ಎಂಬ ಕಲಮು. ಸಾಮಾನ್ಯವಾಗಿ ಅಲ್ಲಿ ಗಂಟುರೋಗ ಎಂದೋ, ಇರುವೆ ಎಂದೋ ಬರೆಯುತ್ತಾರೆ. ಮುತ್ತಯ್ಯ 'ಭಯ' ಎಂದು ಬರೆದ.

ಶಿವಮಲ್ಲಪ್ಪನವರು ಓದಿ ಕನ್ನಡಕ ತೆಗೆದರು. "ಇದನ್ನ ಮೇಲಕ್ಕೆ ಕಳಿಸೋದು ಹೇಗೋ? ದಾರಿಯ ಸೆಕೆ ಅಂತ ಬರಿ. ಯಾರೂ ಏನೂ ಕೇಳಲ್ಲ, ನಿನ್ನ ಹುದ್ದೆಗೂ ತೊಂದರೆಯಾಗಲ್ಲ."

ಗೋಡೆಯ ಉದ್ದಕ್ಕೂ ಅಂದಿನ ಮೊಟ್ಟೆ ಹಾಳೆಗಳು ತೂಗುತ್ತಿದ್ದವು. ಮುತ್ತಯ್ಯ ಅವುಗಳ ಕಡೆ ಒಮ್ಮೆ ನೋಡಿದ. "ಆಚೆ ಬನ್ನಿ ಸಾ, ಏಳ್ತೀನಿ" ಎಂದ.

ಅಂಗಳದ ಬೇವಿನ ಮರದ ಕೆಳಗೆ ನಿಂತು, ಎರಡು ಗಂಟೆಯಿಂದ ನಾಲ್ಕೂವರೆಯವರೆಗಿನದನ್ನೆಲ್ಲ ಹೇಳಿದ. ಅಲ್ಲಿ ನುಂಗಿಕೊಂಡಿದ್ದ ಮಾತುಗಳನ್ನು, ಅಣ್ಣನ ಕೈಯನ್ನು, ಅಂಗೈಯ ಮರಿಗಳನ್ನು.

"ಪಕ್ಕದಲ್ಲಿ ತಮಿಳು ಬರೋರು ಕೂತಿದ್ದರಲ್ಲೋ ಮುತ್ತಯ್ಯ. ಒಂದು ಮಾತು ಕೇಳಿದ್ದರೆ ಆಗ್ತಿತ್ತಲ್ಲ" ಎಂದರು ಶಿವಮಲ್ಲಪ್ಪನವರು.

"ತೊಡೆ ಮ್ಯಾಲೆ ಮೊಟ್ಟೆ ಇದ್ವಲ್ಲ ಸಾ" ಎಂದ ಮುತ್ತಯ್ಯ.

ಶಿವಮಲ್ಲಪ್ಪನವರು ಒಳಗೆ ಹೋಗಿ, ಕಾರಣದ ಕಲಮನ್ನು ತಿದ್ದದೆ, ಕೆಳಗೆ ಸಹಿ ಹಾಕಿದರು.